ಎರಡು ಬೀಗದ ಕೊಠಡಿ

ಪುರವರ,
ಧಾತು ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ
೧೯-೧೧-೧೯೩೬

ಮುದ್ದು ಮಗಳು ಕಮಲಾಕ್ಷಿಗೆ,

ನಿನ್ನ ಅಮ್ಮ ಮನಸಾರೆ ಹರಸಿ ಬರೆದದ್ದು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಸಿರಾದಲ್ಲಿ ನಿನ್ನ ಅತ್ತೆ, ಮಾವ, ಅಳಿಯಂದಿರು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ನವರಾತ್ರಿಯಲ್ಲೇ ಬಂದಿತ್ತು. ದೀಪಾವಳಿ ಕಳೆದರೂ ಜವಾಬಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈದುಕೋ.

"ಚಿಕ್ಕಮ್ಮ ಪಕ್ಕದಲ್ಲಿ ಇರುವುದಾದರೆ ಮಾತ್ರ ಹೆರಿಗೆಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲೇ ಏನಾದರೂ ಆಗಲಿ" ಎಂದು ಬರೆದಿದ್ದೆಯಲ್ಲ. ಚೊಚ್ಚಲು ಹೆರಿಗೆಗೆ ತವರಿಗೆ ಬಾರದ ಮಗಳು ಎಲ್ಲಿದ್ದಾಳೆ? ಆದರೂ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಊರಿನ ಅರ್ಧ ಮಕ್ಕಳು ನಿನ್ನ ಚಿಕ್ಕಮ್ಮ ಇಂದ್ರಮ್ಮನ ಕೈಗೇ ಬಿದ್ದವರು. ಕಾಲು ಮುಂದಾಗಿ ಬಂದ ನಿನ್ನ ತಮ್ಮನನ್ನು ಉಳಿಸಿಕೊಟ್ಟವಳೂ ಅವಳೇ. ಅವಳಿಲ್ಲದೆ ನಿನ್ನ ಹೆರಿಗೆ ಮಾಡಿಸುವ ಧೈರ್ಯ ನನಗೂ ಇಲ್ಲ, ನಿಜ ಹೇಳುತ್ತೇನೆ.

ಆದರೆ ಆ ಹಾಳು ಆಣೆ! ಕಪಿಲೆ ಬಾವಿಗೆ ಎತ್ತು ಕಟ್ಟಿ ನೀರೆತ್ತುವ ಸರದಿಗೋಸ್ಕರ ನಿಮ್ಮಪ್ಪ, ಚಿಕ್ಕಪ್ಪ, ಒಡಹುಟ್ಟಿದ ಅಣ್ಣತಮ್ಮಂದಿರು ಕಿತ್ತಾಡಿ, ಇದ್ದ ಮನೆಯ ನಡುವೆ ಗೋಡೆ ಎಬ್ಬಿಸಿ, "ನಾನಾಗ್ಲಿ ನನ್ನೋರಾಗ್ಲಿ ನಿನ್ನ ಹೊಸ್ಲು ತುಳುದ್ರೆ ನಾನು ನಮ್ಮಪ್ಪಂಗೆ ಹುಟ್ಟಿದೋನಲ್ಲ" ಎಂದು ಇಬ್ಬರೂ ಕೂಗಾಡಿ ಆರು ವರ್ಷವಾಯಿತು. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಆ ಸಿಟ್ಟಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ನಾನೂ ಇಂದ್ರಮ್ಮನೂ ಬಾವಿಕಟ್ಟೆಯಲ್ಲಿ ದಿನಾ ಮಾತಾಡುತ್ತೇವೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೊಸಿಲು ದಾಟುವುದು ಮಾತ್ರ ಆಗದು.

ನಿನ್ನ ಕಾಗದವನ್ನು ಅಲ್ಲೇ ಅವಳಿಗೆ ಓದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ತೋಟದ ಕಡೆ ನೋಡಿದಳು. "ಅಕ್ಕಾ, ಆ ಕೊಠಡಿ ಯಾರ್ದು?" ಅಂದಳು.

"ಇಬ್ರುದೂ ಕಣೆ. ಭಾಗ್ದಲ್ಲಿ ಅಂಗೇ ಬುಟ್ಟವ್ರೆ."

"ಅಂದ್ರೆ ಅದ್ರ ಹೊಸ್ಲೂ ಇಬ್ರುದೇ ಅಲ್ವಾ?"

ಕಪಿಲೆಯ ಹಗ್ಗ, ನೀರೆತ್ತುವ ಚರ್ಮದ ಬಾನೆ ಇಡುತ್ತಿದ್ದ ಆ ಕೊಠಡಿ ನಿನಗೆ ನೆನಪಿರಬೇಕು, ಬಾವಿಯ ಪಕ್ಕ, ದಾಳಿಂಬೆ ಗಿಡಗಳ ಹಿಂದೆ. ಜಂಟಿ ಎಂದಾದ ಮೇಲೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ಇಬ್ಬರೂ ಒಂದೊಂದು ಬೀಗ ಜಡಿದರು. ಒಬ್ಬರು ತೆಗೆದರೆ ಇನ್ನೊಬ್ಬರದು ಹಾಗೇ ಇರುತ್ತಿತ್ತು. ಹೀಗಾಗಿ ಆರು ವರ್ಷ ಅದು ಯಾರ ಉಪಯೋಗಕ್ಕೂ ಬರಲಿಲ್ಲ.

ಭಾಗ ಮಾಡಿಸಿದ ಪರ್ವತಯ್ಯನವರ ಹತ್ತಿರವೇ ಹೋಗಿ ಕೇಳಿದೆವು. ಮುದುಕರು ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಆಣೆ ಇಕ್ಕುವಾಗ ಕೊಠಡಿ ಹೆಸ್ರು ಯಾರೂ ಎತ್ಲಿಲ್ಲ ಕಣಮ್ಮ. ಬಾಣಂತಿ ಅಲ್ಲೇ ಮಲೀಕ್ಕಳ್ಳಿ. ನಾ ಬತ್ತೀನಿ ನಡೀರಿ" ಅಂದರು.

ನಿಮ್ಮಪ್ಪನಿಗೆ ಹೇಳಿದಾಗ ಮೊದಲು ಹಾರಾಡಿದರು. "ನನ್ನ ಮಗಳು ಹಗ್ಗದ ಕೊಠಡೀಲಿ ಹಡೀಬೇಕಾ? ಜನ ಏನಂದಾರು?"

"ಒಂದ್ ಬಾಗ್ಲಿಗೆ ಎರಡು ಬೀಗ ನೋಡಿ ಜನ ಆಗ್ಲೇ ನಗ್ತಾವ್ರೆ. ಇನ್ನೇನ್ ಅನ್ನೋದು ಬಾಕಿ ಐತೆ?" ಅಂದೆ. ಅವತ್ತು ಒಂದೇ ಮುದ್ದೆ ಉಂಡು ಎದ್ದರು. ಬೆಳಿಗ್ಗೆ ಉಡಿದಾರದಿಂದ ಕೀಲಿ ಬಿಚ್ಚಿ, ಅವನು ತೆಗೆದರೆ ತಾನೂ ತೆಗೆಯುತ್ತೇನೆ ಅಂದರು. ಗೋಡೆಯಾಚೆ ನಿನ್ನ ಚಿಕ್ಕಪ್ಪನೂ ಅಕ್ಷರ ಬದಲಿಸದೆ ಅದನ್ನೇ ಅಂದರಂತೆ. ಕೊನೆಗೆ ಪರ್ವತಯ್ಯನವರು ಇಬ್ಬರನ್ನೂ ಬಾಗಿಲ ಮುಂದೆ ನಿಲ್ಲಿಸಿ, ಮಕ್ಕಳಿಗೆ ಹೇಳುವಂತೆ "ಹೂಂ, ತೆಗೀರಿ" ಅಂದರು. ಇಬ್ಬರೂ ಮುಖ ಒಂದೊಂದು ದಿಕ್ಕಿಗೆ ತಿರುಗಿಸಿಕೊಂಡು ಒಟ್ಟಿಗೆ ಕೀಲಿ ತಿರುವಿದರು. ನಾನೂ ಇಂದ್ರಮ್ಮನೂ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆವು.

ಒಳಗೆ ಏನಿದೆ! ಬಾನೆಯನ್ನೂ ಹಗ್ಗವನ್ನೂ ಇಲಿ ತಿಂದು ಹಾಕಿದ್ದವು. ನಿಮ್ಮಪ್ಪ ಆ ಚೂರುಗಳನ್ನು ಕಾಲಿನಿಂದ ಸರಿಸಿ, "ಇಲಿಗೆ ಭಾಗ ಆಗಿರಾದು ಗೊತ್ತಿಲ್ಲ, ಇಬ್ರುದೂ ತಿಂದವೆ" ಅಂದರು. ಗೋಡೆಗೆ ಮುಖ ಮಾಡಿ ನಿಂತಿದ್ದ ನಿನ್ನ ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕೆಮ್ಮಿದಂತೆ ಮಾಡಿದರು.

ಈಗ ಬಂದು ನೋಡು. ಸುಣ್ಣ ಬಳಿದಾಗಿದೆ, ಸಗಣಿ ಸಾರಿಸಿದ ನೆಲ ಚೆನ್ನಾಗಿ ಒಣಗಿದೆ, ಪೂರ್ವಕ್ಕೊಂದು ಕಿಟಕಿ ಬಂದಿದೆ. ಬಾಣಂತಿಗೆ ಗಾಳಿ ಸೋಕಬಾರದು ಎಂದು ನಾನು, ಗಾಳಿ ಬೇಕೇ ಬೇಕು ಎಂದು ಇಂದ್ರಮ್ಮ, ಜಗಳಕ್ಕೂ ಹೊಸ ವಿಷಯ ಸಿಕ್ಕಿತು. ಕಿಟಕಿಗೆ ಗೋಣಿ ಪರದೆ ಹಾಕಿ ರಾಜಿಯಾದೆವು. ಬಾವಿ ಪಕ್ಕದಲ್ಲೇ ಇರುವುದರಿಂದ ನೀರೊಲೆಯನ್ನೂ ಅಲ್ಲೇ ಹೂಡಿದ್ದೇವೆ. ನೀನು ಎದ್ದು ಹೋದ ಮೇಲೂ ಬೀಗ ಹಾಕಲು ಬಿಡುವುದಿಲ್ಲ. ಊರಲ್ಲಿ ಹೆರಿಗೆಗೆ ಅನುಕೂಲವಿಲ್ಲದ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ, ಬರಲಿ ಎಂದು ಇಂದ್ರಮ್ಮ ಈಗಾಗಲೇ ಸಾರಿದ್ದಾಳೆ.

ಮಾರ್ಗಶಿರ ಮುಗಿಯುವ ಮೊದಲು ಗಾಡಿ ಕಳಿಸುತ್ತೇವೆ. ನಮ್ಮ ಎತ್ತಿಗೆ ಕಾಲು ಊದಿದೆ. ಗಾಡಿ ನಮ್ಮದು, ಎತ್ತು ಚಿಕ್ಕಪ್ಪನದು. ತಾನೇ ತಂದು ಕಟ್ಟುತ್ತೇನೆ ಎಂದು ಅವರಾಗಿಯೇ ಇಂದ್ರಮ್ಮನ ಕೈಲಿ ಹೇಳಿ ಕಳಿಸಿದ್ದಾರೆ. ಮೆತ್ತಗೆ ಹುಲ್ಲು ಹಾಸಿರುತ್ತೇವೆ, ಹೆದರದೆ ಬಾ. ಅಳಿಯಂದಿರಿಗೂ ಬೀಗರಿಗೂ ನಮ್ಮ ಶರಣಾರ್ಥಿ ತಿಳಿಸು. ಮಧುಗಿರಿಯ ಮಲ್ಲೇಶ್ವರ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಶಿವರುದ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸು ಬಂದಿರಲಿಲ್ಲ. ಹೋದ ಶ್ರಾವಣದಲ್ಲಿ ನಿನ್ನ ಅಜ್ಜಿ ಲಿಂಗೈಕ್ಯರಾದ ಸುದ್ದಿ ಮಾತ್ರ ನಿನಗೆ ಮುಟ್ಟಿತ್ತು. ಓಡಾಡುವಷ್ಟು ದಿನ ಅವರು ಜಗಲಿಯಲ್ಲಿ ಕೂರುತ್ತಿದ್ದರು, ಅಲ್ಲಿ ಇಬ್ಬರು ಮಕ್ಕಳೂ ಸಿಗುತ್ತಿದ್ದರು. ಹಾಸಿಗೆ ಹಿಡಿದು ನಮ್ಮ ಮನೆಯೊಳಗೆ ಮಲಗಿದ ಮೇಲೆ "ಚಿಕ್ಕೋನು ಬಂದ್ನಾ?" ಎಂದು ಕೇಳುತ್ತಲೇ ಇದ್ದರು. ಬಂದಿದ್ದರಮ್ಮ, ನಿನ್ನ ಚಿಕ್ಕಪ್ಪ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೇ ನಿಂತಿದ್ದರು. ನಿಮ್ಮಪ್ಪ ಬಾ ಎನ್ನಲಿಲ್ಲ, ಅವರು ಬರಲಿಲ್ಲ. ಅಜ್ಜಿ ಬಾಗಿಲ ಕಡೆ ನೋಡುತ್ತಲೇ ಹೋದರು. ಅಂದಿನಿಂದ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ನಿನ್ನೆ ಬಡಗಿ ಕೊಠಡಿಗೆ ಹೊಸ ಬಾಗಿಲು ಕೂರಿಸಲು ಬಂದ. ಹೊಸಿಲಿಗೆ ಯಾವ ಮರ ಹಾಕಲಿ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ಹೊಸ್ಲು ಬ್ಯಾಡ, ಬುಡು" ಅಂದರು.