ಲೇಹ್‌ಗೆ ಹೋದ ಮಲ್ಲಿಗೆ ಕುಂಡ

ಚಿತ್ರದುರ್ಗ,
20 ಏಪ್ರಿಲ್ 2025, ಭಾನುವಾರ

ನನ್ನ ಕಂದ ನೂರೀನ್‌ಗೆ,

ನಿನ್ನ ಅಮ್ಮಿಯ ಸಲಾಂ. ಅಲ್ಲಿ ನೀನು, ನಿನ್ನ ಕುಂಡ, ನಿನಗೆ ಮನೆ ಬಾಡಿಗೆ ಕೊಟ್ಟ ಆ ತಾಯಿ, ಎಲ್ಲರೂ ಚೆನ್ನಾಗಿದ್ದೀರಿ ಅಂದ್ಕೊಂಡು ಬರೀತಿದ್ದೀನಿ. ತಡ ಆಯ್ತು, ಬೈಬೇಡ. ರಂಜಾನ್ ತಿಂಗಳು ಮದುವೆ ಇಲ್ಲದೆ ಅಂಗಡಿ ತಣ್ಣಗಿತ್ತು, ಆಗ ಬರೀಬಹುದಿತ್ತು, ಉಪವಾಸದಾಗೆ ಮೈ ಬಗ್ಗಲಿಲ್ಲ. ಹಬ್ಬ ಮುಗಿದಿದ್ದೇ ತಡ, ಒಂದರ ಹಿಂದೆ ಒಂದು ಮದುವೆ. ಮದುಮಗನ ಮುಖದ ಮುಂದೆ ಇಳಿಬಿಡೋ ಹೂವಿನ ಸೆಹ್ರಾ ಕಟ್ಟಿ ಕಟ್ಟಿ ಬೆರಳ ತುದಿಯೆಲ್ಲ ದಾರ ಕೊಯ್ದು ಕೆಂಪಾಗಿ ಅವೆ. ಫೋನಿನಾಗೆ ಹೇಳಬಹುದಲ್ಲ ಅಂತೀಯ. ಫೋನಿನಾಗೆ ನೀನು ಮಾತಾಡ್ತೀಯ, ನಾನು ಹ್ಞೂಂ ಅಂತೀನಿ, ನಿಮ್ಮ ಅಬ್ಬಾ ಪಕ್ಕದಿಂದ ಕೂಗ್ತಾರೆ, ಅಷ್ಟೊತ್ತಿಗೆ ಸಿಗ್ನಲ್ ಹೋಗ್ತೈತೆ. ಅದಕ್ಕೇ ಈ ಕಾಗದ. ಖಾರದಪುಡಿ, ಶೇಂಗಾ ಚಟ್ನಿಪುಡಿ ಡಬ್ಬಿಗಳ ನಡುವೆ ಇಟ್ಟು ಕಳಿಸ್ತಿದ್ದೀನಿ. ಘಾಟು ಹೊಡೆದ್ರೆ ಮೂಗು ಮುಚ್ಕೊಂಡು ಓದು.

ಮೊದಲು ಹೂವಿನ ಸುದ್ದಿ. ನೀನು ಕಳಿಸಿದ ಫೋಟೋ ಬಂದಾಗ ಅಂಗಡಿಯಾಗೆ ಕುಂತಿದ್ದೆ. ಕಿಟಕಿ ಆಚೆ ಹಿಮದ ಬೆಟ್ಟ, ಈಚೆ ನಿನ್ನ ಹಳೇ ಸ್ವೆಟರ್ ಸುತ್ಕೊಂಡ ಕುಂಡ, ಅದರ ತುದಿಯಾಗೆ ಶೇಂಗಾ ಬೀಜದಷ್ಟು ಮೊಗ್ಗು. ಯಾರ ಮುಂದೂ ಅಳೋಳಲ್ಲ ನಾನು, ನಿನಗೆ ಗೊತ್ತು. ಅವತ್ತು ಯಲ್ಲದಕೆರೆ ಬೋರಪ್ಪ ಹೂವಿನ ಗಂಟು ಇಳಿಸ್ತಿದ್ದ, ಅವನ ಮುಂದೇನೇ ಸೆರಗಿನಾಗೆ ಮುಖ ಮುಚ್ಕೊಂಡು ಅತ್ತೆ. ಅವನು ಗಾಬರಿಯಾಗಿ, "ಏನಾತು ಇಮಾಂಬಕ್ಕ, ಯಾರಿಗೇನಾತು?" ಅಂದ. ಫೋಟೋ ತೋರಿಸಿದೆ. ಗಿಡ ನೋಡಿದ, ಹಿಂದಿನ ಹಿಮ ನೋಡಿದ. "ನಮ್ಮ ಹೊಲದಾಗೆ ಮಾಗಿ ಚಳಿ ಒಂದೀಟು ಜಾಸ್ತಿಯಾದ್ರೆ ಮಲ್ಲಿಗೆ ಮುನಿಸ್ಕೊಂಡು ಕುಂದ್ರತೈತೆ. ಇದನ್ನ ಹೆಂಗೆ ಉಳಿಸಿದ್ಳು ನಿಮ್ಮ ಹುಡುಗಿ?" ಅಂದ. "ಅವಳು ನನ್ನ ಮಗಳಪ್ಪ" ಅಂದೆ. ಇನ್ನೇನು ಹೇಳ್ಲಿ.

ನಿಮ್ಮ ಅಬ್ಬಾ ಆ ಫೋಟೋನ ದೊಡ್ಡದಾಗಿ ಹಾಕಿಸಿ, ಚೌಕಟ್ಟು ಕಟ್ಟಿಸಿ ಅಂಗಡಿಯಾಗೆ ತೂಗುಹಾಕಿದಾರೆ. ಹೂ ತಗಳ್ಳೋಕೆ ಬಂದೋರು ಮೊದಲು ಅದನ್ನ ನೋಡ್ಬೇಕು, ಆಮೇಲೆ ಹೂವು. ಚಳಿಗಾಲದಾಗೆ ಟೀವಿಯಾಗೆ ಲೇಹ್‌ನ ಚಳಿ ಇಷ್ಟು ಮೈನಸ್ಸು ಅಂತ ಬಂದ್ರೆ ಸಾಕು, "ಅದನ್ನ ಅಳೆದು ಬರೆದೋಳು ನಮ್ಮ ನೂರೀನ್" ಅಂತಿದ್ರು. ಹವಾಮಾನ ಕಚೇರಿಯಾಗೆ ಅವಳ ಜೊತೆ ಇನ್ನೂ ಜನ ಇದಾರೆ ಕಣ್ರಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ.

ಈ ಮೊಗ್ಗಿಗೆ ನಾನು ಯಾಕಿಷ್ಟು ಕಾದೆ ಅಂತ ನಿನಗೆ ಪೂರ್ತಿ ಹೇಳಿಲ್ಲ. ಹೆಣ್ಣಿನ ನಿಶ್ಚಯದ ದಿನ ಕುಂಡದಾಗೆ ಮಲ್ಲಿಗೆ ನೆಡೋದು, ಮದುವೆ ದಿನ ಅದರ ಹೂವನ್ನೇ ಮದುಮಗನ ಸೆಹ್ರಾದ ನಡುವಿನ ಎಳೆಗೆ ಕಟ್ಟೋದು ನಮ್ಮ ಮನೆ ಪದ್ಧತಿ. ನಿಮ್ಮ ಅಬ್ಬಾ ನನ್ನ ತವರಿನ ಗಿಡದ ಎಳೆಯನ್ನ ಮೂಗಿನ ಮುಂದೆ ಇಟ್ಕೊಂಡೇ ಬಂದೋರು, ಸೀನಿ ಸೀನಿ ಸಾಕಾಗಿದ್ರು. ನಿನಗೂ ಮುಜಾಹಿದ್‌ಗೂ ನಿಶ್ಚಯ ಆದಾಗ ಹಂಗೇ ಮಾಳಿಗೆ ಮೇಲೆ ನೆಟ್ಟೆ. ಅಷ್ಟರಾಗೆ ನಿನಗೆ ಲೇಹ್‌ಗೆ ಆರ್ಡರ್ ಬಂತು. ಕೆಲಸ ಬಿಟ್ರೆ ಮದುವೆ ಅಂದ್ರು ಅವನ ಮನೆಯೋರು. ಬಿಡಲ್ಲ ಅಂದೆ ನೀನು. ಆ ಗಿಡದ್ದೇ ಒಂದು ಕಡ್ಡಿ ಬೇರು ಬರಿಸ್ಕೊಂಡು, ಕುಂಡ ಎದೆಗೆ ಅವಚ್ಕೊಂಡು ವಿಮಾನ ಹತ್ತಿದೆ.

ನೀನು ಹೋದ ಮೇಲೆ ಮುಜಾಹಿದ್ ಅಮ್ಮ ನಿಶ್ಚಯದ ಉಂಗುರ ವಾಪಸ್ ಕೊಡೋಕೆ ಬಂದಿದ್ರು. "ಬರ್ರಿ, ಕುಂತ್ಕಳ್ರಿ" ಅಂದೆ. ಕುಂತ್ಕಳ್ಳಲಿಲ್ಲ. ಬಾಗಿಲಾಗೇ ನಿಂತು, ಪಕ್ಕದ ಮನೆ ಪಾರ್ವತಮ್ಮನ ಎದುರಿಗೇ, "ಆ ಚಳಿಯಾಗೆ ಮಲ್ಲಿಗೇನೂ ಬದುಕಲ್ಲ, ನಿಮ್ಮ ಹುಡುಗೀನೂ ನಿಲ್ಲಲ್ಲ. ಚಳಿಗಾಲ ಕಳೆಯೋದ್ರಾಗೆ ವಾಪಸ್ ಬರ್ತಾಳೆ ನೋಡ್ರಿ" ಅಂದ್ರು. ನನಗೆ ರೇಗಿಹೋಯ್ತು. "ನನ್ನ ಮಗಳು ಅಲ್ಲೇ ನಿಲ್ತಾಳೆ, ಮಲ್ಲಿಗೇನೂ ಹೂ ಬಿಡ್ತೈತೆ, ಬಿಟ್ಟಾಗ ಹೇಳಿ ಕಳಿಸ್ತೀನಿ" ಅಂದುಬಿಟ್ಟೆ.

ಆಮೇಲೆ ಡಿಸೆಂಬರಿನಾಗೆ ಎಲೆ ಹಳದಿಯಾಗಿ ಉದುರ್ತಾವೆ ಅಂತ ನೀನು ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ ಹಾಕಿದ ನೀರು ಬಂಡೆ ಕಾವಿಗೆ ಮಧ್ಯಾಹ್ನಕ್ಕೇ ಆರಿಹೋಗ್ತೈತೆ. ಅದಕ್ಕೇ ಎರಡು ಹೊತ್ತೂ ನೀರು ಹಾಕು, ಮಾಂಸ ತೊಳೆದ ನೀರೂ ಹಾಕು ಅಂದಿದ್ದೆ. ನಮ್ಮ ಮಾಳಿಗೆ ಗಿಡಗಳೆಲ್ಲ ಅದನ್ನ ಕುಡಿದೇ ಬೆಳೆದವು. ಅಲ್ಲಿ ಅದು ಮಣ್ಣಿನಾಗೇ ನಿಂತು ನಾತ ಹೊಡೀತು, ಬೇರು ಕೊಳೀತು ಅಂತ ನೀನು ಕೂಗಾಡಿದೆ. ಹಾಕಿದ ನೀರು ಆರದ ಊರೂ ಒಂದೈತೆ ಅಂತ ನನಗೇನು ಕನಸು ಬಿದ್ದಿತ್ತಾ? ಒಲೆ ಪಕ್ಕ ಇಡು ಅಂದೆ, ಉಳಿದ ಎಲೇನೂ ಕಮರಿದವು. ಅಲ್ಲಿಂದ ಮುಂದೆ ನೀನು ನನ್ನ ಮಾತು ಕೇಳೋದು ಬಿಟ್ಟೆ, ಗಿಡ ಬದುಕ್ತು.

ಕೊಳೆತ ಬೇರು ನೀನೇ ಕತ್ತರಿಸಿ ಒಣ ಮಣ್ಣು ತುಂಬಿದೆ. ಕುಂಡಕ್ಕೆ ಗೋಣಿ, ಅದರ ಮೇಲೆ ಸ್ವೆಟರ್ ಸುತ್ತಿದೆ. ಥರ್ಮಾಮೀಟರ್ ಹಿಡ್ಕೊಂಡು ಮನೆಯೆಲ್ಲ ಸುತ್ತಿ, ಎಲ್ಲಿ ನೀರು ಗಡ್ಡೆನೂ ಕಟ್ಟಲ್ಲ, ಎಲ್ಲಿ ಗಿಡ ಬೇಯೋದೂ ಇಲ್ಲ ಅಂತ ಹುಡುಕಿದೆ. ಹಗಲು ಬಿಸಿಲು ಬೀಳೋ ಗಾಜಿನ ಕಿಟಕಿ, ಸಂಜೆ ಆದ್ರೆ ಒಳಗಿನ ಗೋಡೆ. ಮಣ್ಣಿನಾಗೆ ಬೆರಳು ಹಾಕಿ ನೋಡಿ, ಒಣಗಿದ್ರೆ ಮಾತ್ರ ಒಂದು ಗುಟುಕು ನೀರು. ಬರೀ ಕಡ್ಡಿ ಉಳಿದಾಗಲೂ, "ಸತ್ತಿಲ್ಲ ಅಮ್ಮಿ, ಉಗುರಿನಾಗೆ ಕೆರೆದು ನೋಡಿದೆ, ಒಳಗೆ ಹಸಿರೈತೆ" ಅಂದೆ. ಅವತ್ತು ನಾನು ಎರಡು ರೊಟ್ಟಿ ಜಾಸ್ತಿ ತಿಂದೆ.

ಆ ಚಳಿಗಾಲವೆಲ್ಲ ನೀನು ಹೆಂಗಿದೀಯ ಅಂತ ಕೇಳೋಕೆ ನನಗೆ ಬಾಯಿ ಬರ್ತಿರಲಿಲ್ಲ. ಗಿಡ ಹೆಂಗೈತೆ ಅಂತಿದ್ದೆ. ಅದಕ್ಕಿವತ್ತು ಏನೂ ಸೇರ್ತಿಲ್ಲ ಅಮ್ಮಿ, ಮಂಕಾಗೈತೆ ಅಂತ ನೀನೂ ಗಿಡದ ಮೇಲೆ ಹಾಕಿ ಹೇಳ್ತಿದ್ದೆ. ಎಲ್ಲಾ ತಿಳೀತಿತ್ತು ನನಗೆ.

ಈಗ ನೋಡು, ನಾನು ಹೇಳಿ ಕಳಿಸೋ ಮೊದಲೇ ಪಾರ್ವತಮ್ಮ ಫೋಟೋ ತಗೊಂಡು ಹೋಗಿ ಮುಜಾಹಿದ್ ಅಮ್ಮನಿಗೆ ತೋರಿಸಿ ಬಂದವಳೆ. ಕನ್ನಡಕ ಹಾಕ್ಕೊಂಡು ನೋಡಿ, "ಕುಂಡ ಚೆನ್ನಾಗೈತೆ" ಅಂದ್ರಂತೆ. ಮೊಗ್ಗಿನ ಮಾತೇ ಎತ್ತಲಿಲ್ಲವಂತೆ. ಪಾರ್ವತಮ್ಮ ಅದನ್ನ ಅಭಿನಯ ಮಾಡಿ ತೋರಿಸಿದ್ಳು, ನಕ್ಕು ನಕ್ಕು ಹೊಟ್ಟೆ ನೋವು ಬಂತು.

ಮೊದಲನೇ ಹೂ ಒಣಗಿಸಿ ಕಳಿಸ್ಲಾ ಅಂತ ನೀನು ಕೇಳಿದ್ದೆ. ನಿಮ್ಮ ಅಬ್ಬಾ ಚೌಕಟ್ಟಿನ ಮೂಲೆಯಾಗೆ ಜಾಗ ಬಿಡಿಸಿ ಕಾಯ್ತಿದಾರೆ.

ಹೊಟ್ಟೆ ತುಂಬಾ ಉಣ್ಣು. ತಲೆಗೆ ಎಣ್ಣೆ ಹಚ್ಕೋ. ಆ ಮನೆ ತಾಯಿಗೆ ನನ್ನ ಸಲಾಂ ಹೇಳು. ನಿನ್ನ ಕೈ ಮುಟ್ಟಿದ್ದೆಲ್ಲ ಚಿಗುರ್ಲಿ, ಅಲ್ಲಾಹು ನಿನ್ನನ್ನ ಎಲ್ಲಾ ಚಳಿಯಾಗೂ ಬೆಚ್ಚಗಿಡ್ಲಿ.

ನಿನ್ನ ಅಮ್ಮಿ,
ಇಮಾಂಬೀ

ತಾ.ಕ.: ಪ್ರತಿ ಸಲ ಫೋನ್ ಇಡೋ ಮೊದಲು, "ಮತ್ತೆ, ಊರಾಗೆ ಏನು ವಿಶೇಷ ಅಮ್ಮಿ?" ಅಂತೀಯ. ಏನೂ ಇಲ್ಲ ಅಂತೀನಿ. ನೀನು ಏನು ಕೇಳ್ತಿದ್ದೀಯ ಅಂತ ನನಗೆ ಗೊತ್ತಿಲ್ವಾ, ತಾಯಿ. ಮೊನ್ನೆ ಗುರುವಾರ ಮುಜಾಹಿದ್ ಮದುವೆ ಆಯ್ತು. ಹುಡುಗಿ ಭರಮಸಾಗರದೋಳು. ಸೆಹ್ರಾದ ಆರ್ಡರ್ ನಮ್ಮ ಅಂಗಡಿಗೇ ಬಂತು. ನಿಮ್ಮ ಅಬ್ಬಾ ಆಗಲ್ಲ ಅನ್ನೋಕೆ ಹೋದ್ರು, ನಾನೇ ಒಪ್ಕೊಂಡೆ. ಮದುಮಗನಿಗೆ ಸೆಹ್ರಾ ಇಲ್ಲ ಅಂತ ನಮ್ಮ ಅಂಗಡಿ ಯಾವತ್ತೂ ಅಂದಿಲ್ಲ. ಬೋರಪ್ಪನ ಹೂವಿನಾಗೆ, ಎಲ್ಲರಿಗೂ ಕಟ್ಟೋ ಹಂಗೇ ಒತ್ತಾಗಿ ಕಟ್ಟಿದೆ. ನಡುವಿನ ಎಳೆಗೆ ಬಂದಾಗ ಕೈ ನಿಂತುಬಿಡ್ತು. ಅವತ್ತು ಮಾಳಿಗೆ ಮೇಲಿನ ಗಿಡ ಮೈತುಂಬಾ ಹೂ ಬಿಟ್ಟಿತ್ತು. ಅವನಿಗೆ ಅಂತಲೇ ನೆಟ್ಟಿದ್ದಲ್ವಾ, ಒಂದು ಹೂವಾದ್ರೂ ಹಾಕ್ಲಾ ಅಂತ ಜೀವ ಎಳೀತು. ಹಾಕಲಿಲ್ಲ. ಗಿಡದಾಗೇ ಬಾಡಿದವು ಎಲ್ಲ.

ಮೆರವಣಿಗೆ ಅಂಗಡಿ ಮುಂದೆ ಬಂದಾಗ ಅವನು ಎರಡು ಕೈಯಾಗೆ ಸೆಹ್ರಾ ಸರಿಸಿ ಒಳಗೆ ನೋಡಿದ. ಗೋಡೆ ಮೇಲಿನ ನಿನ್ನ ಕುಂಡದ ಫೋಟೋ ನೋಡ್ತಾ ನಿಂತ. ಯಾರೋ ಭುಜ ತಟ್ಟಿದ ಮೇಲೆ ಮುಂದೆ ಹೋದ.

ಅಳು ಬಂದ್ರೆ ಅತ್ತುಬಿಡು. ಆ ಮೊದಲನೇ ಹೂ ಮಾತ್ರ ಕಳಿಸಬೇಡ, ನಿಮ್ಮ ಅಬ್ಬಾಗೆ ನಾನು ಹೇಳ್ಕೊತೀನಿ. ಅದನ್ನ ನೀನೇ ಮುಡ್ಕೊಂಡು ಆಫೀಸಿಗೆ ಹೋಗು.