ನಾಲಿಗೆ ತೋರಿಸಿ ಹೊರಬರುವ ಪಾರ್ಕಿನಿಂದ

ಜೋಡಿಬಾವಿ ಪಾರ್ಕು, ಮೈಸೂರು
ಇಸವಿ ೨೨೧೯, ನೇರಳೆ ತಿಂಗಳು, ಎರಡನೇ ವಾರ

ಜೋಡಿಬಾವಿ ಪಾರ್ಕಿನ ಭಾನುವಾರದ ಮಕ್ಕಳಿಗೆ ಗಂಗಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನೀವು ಇದನ್ನು ಓದುವ ಹೊತ್ತಿಗೆ ನಾನಿರಲಿ, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರಲಾರಳು. ನನ್ನ ಕನ್ನಡದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳು ಬಂದಾವು, ಹೊಟ್ಟೆಗೆ ಹಾಕಿಕೊಳ್ಳಿ. ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ತಿಂಗಳುಗಳಿಗೆ ನಾವು ಈ ಪಾರ್ಕಿನ ಮರಗಳ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಊರಿನಲ್ಲಿ ಬೇರೆ ಮರಗಳಿಲ್ಲದ ಕಾರಣ ಗೊಂದಲವೇನೂ ಆಗುವುದಿಲ್ಲ.

ಪ್ರತಿ ವರ್ಷ ಈ ತಿಂಗಳಲ್ಲಿ ಮರಪಂಚಾಯ್ತಿಯ, ಎಂದರೆ ಪಾರ್ಕನ್ನು ನೋಡಿಕೊಳ್ಳುವ ಸಭೆಯ, ಹಿರಿಯರೊಬ್ಬರು ನಿಮಗೆ ಪತ್ರ ಬರೆದು ಊರವರೆಲ್ಲರ ಎದುರು ಓದುವುದು ನಮ್ಮ ಪದ್ಧತಿ. ಅದು ನಿಮ್ಮನ್ನು ತಲುಪುವುದಿಲ್ಲವೆಂದು ನಮಗೂ ಗೊತ್ತು. ಆದರೂ ನೀವು ಎದುರಿಗೇ ನಿಂತು ಕೇಳುತ್ತಿದ್ದೀರಿ ಎಂಬಂತೆ ಓದುತ್ತೇವೆ. ವರ್ಷವರ್ಷವೂ ಅದೇ ಕೃತಜ್ಞತೆ, ಅದೇ ಹೊಗಳಿಕೆ. ಈ ಸಲದ ಸರದಿ ನನ್ನದು, ನಾಳೆ ಓದಬೇಕು. ಹೊಗಳಿಕೆ ಬರೆಯಲು ಕೂತೆ, ಕೈ ಮುಂದೆ ಹೋಗಲಿಲ್ಲ. ನನಗೆ ನಾಚಿಕೆಯಾಗುತ್ತಿದೆ, ಅದನ್ನೇ ಬರೆಯುತ್ತೇನೆ.

ನಿಮ್ಮ ವಿಷಯ ನಾವು ಹಾಲು ಕುಡಿಯುವಾಗಿನಿಂದ ಕೇಳಿದ್ದೇವೆ. ಭಾನುವಾರ ಬೆಳಿಗ್ಗೆ ಹಳೆಯ ಟೀ ಶರ್ಟು ಹಾಕಿಕೊಂಡು ಬರುತ್ತಿದ್ದ ಕಾಲೇಜು ಹುಡುಗ ಹುಡುಗಿಯರು ನೀವು. ಪಾಳು ಬಿದ್ದಿದ್ದ ಪಾರ್ಕಿನಿಂದ ಪ್ಲಾಸ್ಟಿಕ್ ಹೆಕ್ಕಿದಿರಿ, ಗುಂಡಿ ತೋಡಿದಿರಿ, ಹೊಂಗೆ, ನೇರಳೆ, ಬೇವು, ಬಸರಿ ನೆಟ್ಟಿರಿ. ಸುತ್ತಲಿನ ಶಾಲೆಯ ಮಕ್ಕಳನ್ನು ಕರೆತಂದು ಎಲೆ ತೋರಿಸಿ ಹೆಸರು ಹೇಳಿಕೊಟ್ಟಿರಿ. ಆಮೇಲೆ ಸ್ಟೀಲ್ ಡಬ್ಬಿ ಬಿಚ್ಚಿ ಉಪ್ಪಿಟ್ಟು ತಿಂದಿರಿ. ಆ ಉಪ್ಪಿಟ್ಟನ್ನೂ ನಾವು ಬಿಟ್ಟಿಲ್ಲ. ಹಬ್ಬದ ದಿನ ಒಂದು ಚಮಚ ಉಪ್ಪಿಟ್ಟನ್ನು ಗೋಡೆಯ ಮೇಲಿಟ್ಟು ಕೈ ಮುಗಿಯುತ್ತೇವೆ. ನಿಮಗೆ ನಗು ಬರಬಹುದು, ನಾವು ಮಾತ್ರ ನಗುವುದಿಲ್ಲ.

ಗೋಡೆ ಎಂದೆನಲ್ಲ, ಅದು ಗಾಜಿನದು, ಪಾರ್ಕಿನ ಸುತ್ತಲೂ ಇದೆ. ನಮ್ಮ ಊರಿನ ಬಿಸಿಲು ನಿಮ್ಮ ಬಿಸಿಲಲ್ಲ. ಬಸ್ಸುಗಳು ಸೂರ್ಯ ಹುಟ್ಟುವ ಮೊದಲೇ ಓಡಿ ನಿಲ್ಲುತ್ತವೆ, ಶಾಲೆಗಳು ಮುಂಜಾವಿನಲ್ಲೇ ಮುಗಿಯುತ್ತವೆ, ಹಗಲೆಲ್ಲ ಜನ ತಂಪುಮನೆಯಲ್ಲಿ, ಎಂದರೆ ನೆಲದಡಿಯ ಕೋಣೆಗಳಲ್ಲಿ, ಕಾಲ ಕಳೆಯುತ್ತಾರೆ. ಮದುವೆಯಾದ ಹೊಸ ಜೋಡಿಯನ್ನು ಮೊದಲು ಕರೆತರುವುದು ಇಲ್ಲಿಗೆ, ಗಾಜಿನಾಚೆಯ ನೆರಳನ್ನು ತೋರಿಸುವುದಕ್ಕೆ. ಮಕ್ಕಳ ಮರಪಾಠವೂ ಗೋಡೆಯ ಹೊರಗೇ ನಡೆಯುತ್ತದೆ. ಮೇಷ್ಟರ ಕೈಯಲ್ಲಿ ರಬ್ಬರಿನ ಎಲೆ ಇರುತ್ತದೆ. ಮರ ಎಷ್ಟು ನೀರು ಹೀರುತ್ತದೆ, ಎಷ್ಟು ಗಾಳಿ ಕೊಡುತ್ತದೆ, ಎಲ್ಲವನ್ನೂ ನಮ್ಮ ಮಕ್ಕಳು ಗಿಣಿಯ ಹಾಗೆ ಒಪ್ಪಿಸಿ ಪದಕ ಗೆಲ್ಲುತ್ತಾರೆ. ತೊಗಟೆ ಮುಟ್ಟಿದರೆ ಹೇಗಿರುತ್ತದೆ ಎಂದು ಕೇಳಿದರೆ ಒಬ್ಬರೂ ಹೇಳಲಾರರು. ನಾನೂ ಹೇಳಲಾರೆ.

ಇದೆಲ್ಲ ಯಾಕೆಂದರೆ ನೀವು ಒಂದು ಬೋರ್ಡು ಹಾಕಿದ್ದಿರಿ. 'ಗಿಡಗಳನ್ನು ಮುಟ್ಟಬೇಡಿ, ಪಾತಿಯೊಳಗೆ ಕಾಲಿಡಬೇಡಿ.' ತುಕ್ಕು ಹಿಡಿದ ಆ ತಗಡಿಗೆ ನಾವು ಬೆಳ್ಳಿಯ ಕಟ್ಟು ಹಾಕಿಸಿದ್ದೇವೆ. ಅದು ನಿಮ್ಮ ಮಾತು ಎಂದು ಅಕ್ಷರ ಬಿಡದೆ ಪಾಲಿಸಿದೆವು. ಇನ್ನೊಂದು ನಿಯಮವನ್ನು ನಾವೇ ಸೇರಿಸಿಕೊಂಡೆವು. ನೀವು ನೆಟ್ಟ ಒಂದೊಂದು ಮರಕ್ಕೂ ನಿಮ್ಮಲ್ಲಿ ಒಬ್ಬೊಬ್ಬರ ಹೆಸರಿದೆ, ಹೆಸರಿಲ್ಲದ ಗಿಡ ಇಲ್ಲಿ ನಿಲ್ಲಕೂಡದು, ನೆಡುವ ಯೋಗ್ಯತೆ ನಿಮಗೆ ಮಾತ್ರ. ಹಾಗಾಗಿ ನಿಮ್ಮ ನಂತರ ಈ ಪಾರ್ಕಿನಲ್ಲಿ ಒಬ್ಬರೂ ಒಂದು ಗಿಡ ನೆಟ್ಟಿಲ್ಲ. ಮರ ಮುಪ್ಪಾಗಿ ಬಿದ್ದರೆ ಒಂದು ದಿನ ಸೂತಕ ಹಿಡಿಯುತ್ತೇವೆ, ಆ ಜಾಗದ ಸುತ್ತ ಬಿಳಿ ಕಲ್ಲು ಜೋಡಿಸುತ್ತೇವೆ. ಈಗ ಮರಗಳಿಗಿಂತ ಕಲ್ಲಿನ ಸುತ್ತುಗಳೇ ಹೆಚ್ಚಾಗಿವೆ. ನೀವು ಕೊಟ್ಟದ್ದನ್ನು ಕೈ ಕಟ್ಟಿ ನಿಂತು ಕಳೆದುಕೊಂಡವರು ನಾವು, ಅದನ್ನೇ ಭಕ್ತಿ ಎಂದುಕೊಂಡೆವು.

ದಿನವೂ ಒಳಗೆ ಹೋಗುವವರು ನೆರಳುಮಕ್ಕಳು ಮಾತ್ರ. ಹದಿನಾಲ್ಕು ತುಂಬಿದ ಮೇಲೆ ಸಂಬಳವಿಲ್ಲದೆ ಸೇವೆಗೆ ಬರುವ ಹುಡುಗ ಹುಡುಗಿಯರಿಗೆ ಆ ಹೆಸರು. ಉದ್ದನೆಯ ಚಿಮುಟ ಹಿಡಿದು ಉದುರಿದ ಎಲೆ, ಹೂವು, ಹಣ್ಣು ಎಲ್ಲವನ್ನೂ ಎತ್ತಿ ಚೀಲಕ್ಕೆ ತುಂಬುವುದು ಅವರ ಕೆಲಸ. ನೆಲದ ಮೇಲೆ ಒಂದು ಬೀಜವೂ ಉಳಿಯುವ ಹಾಗಿಲ್ಲ. ನೇರಳೆ ತಿಂಗಳಲ್ಲಂತೂ ಕಾವಲು ಬಿಗಿ. ಎಳೆಯ ಪ್ರಾಯ, ಕಾಲಡಿಯಲ್ಲಿ ಕಪ್ಪು ಕಪ್ಪು ಹಣ್ಣು, ಆಸೆಯಾಗದೆ ಇದ್ದೀತೆ? ಅದಕ್ಕೇ ಗೇಟಿನಲ್ಲಿ ಒಬ್ಬ ಬಾಯ್ನೋಟಗಾರ್ತಿ ಕೂತಿರುತ್ತಾಳೆ. ಹೊರಬರುವವರೆಲ್ಲ ಅವಳಿಗೆ ನಾಲಿಗೆ ತೋರಿಸಬೇಕು. ಆ ಬಾಯ್ನೋಟಗಾರ್ತಿ ನಾನೇ.

ಇವತ್ತು ಬೆಳಿಗ್ಗೆ ದೇವೀರಿ ಎಂಬ ಹುಡುಗಿ ನನ್ನೆದುರು ಬಂದು ಬಾಯಿ ತೆರೆಯಲಿಲ್ಲ. ಗದರಿದ ಮೇಲೆ ತೆರೆದಳು. ನಾಲಿಗೆ ಕಡುನೀಲಿಯಾಗಿತ್ತು. ಪದ್ಧತಿಯಂತೆ 'ಬೀಜ ಎಲ್ಲಿ' ಎಂದು ಕೇಳಿದೆ. ಎಲ್ಲರೂ ಉಗುಳಿದೆ ಎನ್ನುತ್ತಾರೆ, ಚೀಲದಲ್ಲಿ ಹುಡುಕಿ ತೆಗೆಯುತ್ತೇವೆ, ಛೀಮಾರಿ ಹಾಕಿ ಬಿಡುತ್ತೇವೆ. ಇವಳು ಹಾಗೆ ಹೇಳಲಿಲ್ಲ. ಇವತ್ತಿನದು ಮಡಿಲಲ್ಲಿದೆ ಅಂದಳು. ಹೋದ ವರ್ಷದ್ದು ಬತ್ತಿದ ಬಾವಿಯ ಹಿಂದೆ ಇದೆ, ಬನ್ನಿ ತೋರಿಸುತ್ತೇನೆ ಅಂದಳು.

ಹೋಗಿ ನೋಡಿದೆ. ಬಾವಿಕಟ್ಟೆಯ ಮರೆಯಲ್ಲಿ, ಯಾರೂ ಚಿಮುಟ ಹಿಡಿದು ಹೋಗದ ಮೂಲೆಯಲ್ಲಿ, ಗೇಣುದ್ದದ ನೇರಳೆ ಗಿಡ ನಿಂತಿತ್ತು. ತುದಿಯ ಎಲೆಗಳು ಕೆಂಪಗೆ, ಹೊಸದಾಗಿ ಬಿಟ್ಟಂಥವು. ಕೂಸುಗಿಡವನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಮರಗಳು ಒಂದು ಕಾಲದಲ್ಲಿ ಇಷ್ಟು ಸಣ್ಣವಾಗಿದ್ದವು ಎಂಬುದೇ ನನಗೆ ಹೊಳೆದಿರಲಿಲ್ಲ. ತನಗೆ ಅಳೆದು ಕೊಡುವ ಕುಡಿಯುವ ನೀರಿನಲ್ಲಿ ಅರ್ಧವನ್ನು ಅದಕ್ಕೆ ಹಾಕುತ್ತಿದ್ದಳಂತೆ. ಮುಟ್ಟಿದೆಯಾ ಎಂದು ಕೇಳಿದೆ. ದಿನಾ ಮುಟ್ಟುತ್ತೇನೆ ಅಂದಳು. ಬೋರ್ಡು ಓದಿಲ್ಲವೇ ಎಂದು ರೇಗಿದೆ. ಅವಳು ನನ್ನ ಮುಖವನ್ನೇ ನೋಡಿ ಮೆಲ್ಲಗೆ ಹೇಳಿದಳು:

"ಅವ್ರು ಅದನ್ನ ಬರ್ದಿದ್ದು ಇಷ್ಟುದ್ದದ ಗಿಡಕ್ಕಲ್ವಾ ಅಜ್ಜಿ? ಆ ದೊಡ್ಡ ಮರಾನ ಯಾರು ತುಳೀತಾರೆ?"

ಇಷ್ಟು ತಲೆಮಾರು ಆ ಬೋರ್ಡಿಗೆ ಕೈ ಮುಗಿದೆವು. ಅದು ಯಾರಿಗಾಗಿ, ಎಷ್ಟು ದಿನಕ್ಕಾಗಿ ಎಂದು ಒಬ್ಬರಾದರೂ ಕೇಳಿದೆವೇ? ಗಿಡ ಎದೆಯೆತ್ತರ ಆದ ಮೇಲೆ ಆ ಬೋರ್ಡನ್ನು ಕಿತ್ತು ಬಿಸಾಡಬೇಕೆಂದು ನೀವು ಅಂದುಕೊಂಡಿರಬಹುದು. ಮರೆತಿರಬಹುದು, ಪರೀಕ್ಷೆ ಹತ್ತಿರ ಬಂದಿರಬಹುದು. ನಿಮ್ಮನ್ನು ದೂರುತ್ತಿಲ್ಲ. ಮಕ್ಕಳ ಕೈಗೆ ಮಣ್ಣು ಹತ್ತಲಿ ಎಂದು ಕರೆತಂದವರು ನೀವು, ಅದೇ ಕೈಗಳಿಗೆ ಚಿಮುಟ ಕೊಟ್ಟವರು ನಾವು.

ಅಷ್ಟರಲ್ಲಿ ಪಂಚಾಯ್ತಿಯ ಮುಖ್ಯಸ್ಥರು ತೋಂಟಯ್ಯನವರು ಹಿಂದೆಯೇ ಬಂದಿದ್ದರು. ಅವರು ಕೆಟ್ಟವರಲ್ಲ, ಗಿಡವನ್ನು ಕಂಡು ಅವರ ಕಣ್ಣೂ ಒದ್ದೆಯಾಯಿತು. ಆದರೂ ನಿಯಮ ನಿಯಮವೇ ಅಂದರು. ನಾಳೆ ನನ್ನ ಪತ್ರ ಮುಗಿದ ಮೇಲೆ ದೇವೀರಿಯ ತೋಳಿಗೆ ಕಟ್ಟಿದ ಸೇವೆಯ ಪಟ್ಟಿಯನ್ನು ಎಲ್ಲರೆದುರು ಬಿಚ್ಚಿಸಿ ಹೊರಗೆ ಕಳಿಸುವುದು, ಗಿಡವನ್ನು ಕೀಳುವುದು ಎಂದು ತೀರ್ಮಾನವಾಯಿತು. ಕೀಳುವ ಕೆಲಸ ಬಾಯ್ನೋಟಗಾರ್ತಿಯದು. ನಾನು ಆಗಲಿ ಎಂದು ತಲೆಯಾಡಿಸಿದೆ. ಹುಡುಗಿ ಅದನ್ನು ನೋಡಿದಳು. ಅವಳು ಅಳಲಿಲ್ಲ, ಮಡಿಲಿನ ಬೀಜವನ್ನು ತೆಗೆದು ನನ್ನ ಅಂಗೈಗೆ ಹಾಕಿ ಹೋದಳು. ಈ ವಯಸ್ಸಿನಲ್ಲಿ ಒಂದು ಮಗುವಿನ ಮುಂದೆ ಇಷ್ಟು ಸಣ್ಣವಳಾಗುತ್ತೇನೆ ಎಂದುಕೊಂಡಿರಲಿಲ್ಲ.

ಭಾನುವಾರದ ಮಕ್ಕಳೇ, ನಿಮ್ಮಲ್ಲಿ ಒಂದು ಕೋರಿಕೆ. ಇದು ನಿಮಗೆ ತಲುಪಿದರೆ ಬೋರ್ಡು ಹಾಕಬೇಡಿ ಎನ್ನಲಾರೆ, ಎಳೆ ಗಿಡಕ್ಕೆ ಕಾವಲು ಬೇಕು. ಆದರೆ ಅದನ್ನು ತೆಗೆಯುವ ದಿನವನ್ನೂ ಮಕ್ಕಳಿಗೆ ಹೇಳಿಕೊಡಿ. ತೆಗೆಯುವಾಗ ಅವರನ್ನೂ ಕರೆಯಿರಿ. ಅವರು ಮರ ಹತ್ತಲಿ, ಹಣ್ಣು ತಿನ್ನಲಿ, ಬೀಜ ಎಲ್ಲಿ ಬೇಕಾದರೂ ಉಗುಳಲಿ. ನಮ್ಮನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮಗೆ ಬರೆಯುವುದು ಇಲ್ಲಿಗೆ ಮುಗಿಯಿತು, ಹೋಗಿ ಬನ್ನಿ.

ಇನ್ನುಳಿದ ಸಾಲುಗಳು ನಾಳೆ ಗೋಡೆಯ ಹೊರಗೆ, ಜನರ ನಡುವೆ ತಲೆ ತಗ್ಗಿಸಿ ನಿಂತಿರುವ ಒಬ್ಬಳಿಗೆ. ಇವನ್ನೂ ಗಟ್ಟಿಯಾಗಿಯೇ ಓದುತ್ತೇನೆ, ತೋಂಟಯ್ಯನವರೂ ಕೇಳಲಿ.

ದೇವೀರಿ, ತಲೆ ಎತ್ತಮ್ಮ. ನಾನು ಕೀಳಲ್ಲ. ಬೇರೆಯವ್ರು ಕೀಳೋಕೆ ಬಂದ್ರೆ ಗಿಡದ ಪಕ್ಕ ಕೂತಿರ್ತೀನಿ. ಗೇಟು ತೆಗೆದೇ ಇದೆ, ಒಳಗೆ ಬಾ. ನಿನ್ನೆ ಬೆಳಿಗ್ಗೆಯಿಂದ ಅದಕ್ಕೆ ನೀರಿಲ್ಲ, ನನ್ನ ಪಾಲಿನ ನೀರು ತಂದಿದೀನಿ. ಎಷ್ಟು ಹಾಕ್ಬೇಕು ಅಂತ ನಂಗೆ ಗೊತ್ತಿಲ್ಲ ಕಣೆ, ನೀನೇ ಹೇಳ್ಕೊಡು.