ಕುರಿದೋಣಿಯ ನೀರು

ಹುನ್ನೂರ
12 ಏಪ್ರಿಲ್ 1984

ಅಕ್ಕ ಸತ್ಯವ್ವನಿಗೆ ಕಾಮಣ್ಣನ ಶರಣು.

ಅಪ್ಪ ತೋಡಿಸಿದ ಬಾವಿಗೆ ಪಂಪು ಕೂಡಿಸಿದ ದಿನ ನಮ್ಮಣ್ಣ ಗುರಪ್ಪ ಹೇಳಿದ್ದು: ಕುರಿ ಕುಡಿಯುವ ಕಲ್ಲುದೋಣಿಗೆ ದಿನಾ ಮುಂಜಾನೆ ನೀರು ಬಿಡುತ್ತೇನೆ, ಎರಡೆಕರೆಗಿಂತ ಹೆಚ್ಚು ಕಬ್ಬು ಹಚ್ಚುವುದಿಲ್ಲ. ಈಗ ಹೊಲವೆಲ್ಲ ಕಬ್ಬು. ದೋಣಿಯಲ್ಲಿ ಹಲ್ಲಿ ಓಡಾಡುತ್ತಿವೆ. ಕೇಳಿದರೆ, 'ಯಾವಾಗ ಅಂದಿದ್ನೋ?' ಎನ್ನುತ್ತಾನೆ.

ಕಾಗದ ತಡವಾದದ್ದಕ್ಕೆ ಸಿಟ್ಟಾಗಬೇಡ. ಹಿಂಡನ್ನು ಹೊಳೆಯವರೆಗೆ ಹೊಡೆದುಕೊಂಡು ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ನಿನ್ನೆ ದಾರಿಯಲ್ಲೇ ಗಬ್ಬದ ಕುರಿಯೊಂದು ಬಿದ್ದು ಸತ್ತಿತು.

ನಮ್ಮ ದಡ್ಡತನವನ್ನೂ ಕೇಳು. ಒಬ್ಬರ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿ ಗೊಬ್ಬರ ಕೊಟ್ಟರೆ ಕೂಲಿಯಾಗಿ ಜೋಳ ಅಳೆಸಿಕೊಳ್ಳುವುದು ನಮ್ಮ ರೂಢಿ. ಪಂಪು ಬಂದ ವರ್ಷ ಕುರಿಯುಳ್ಳವರೆಲ್ಲ 'ಜ್ವಾಳ ಬ್ಯಾಡ, ನೀರು ಕೊಟ್ಟರ ಸಾಕು' ಎಂದು ಅಣ್ಣನ ಹೊಲದಲ್ಲಿ ಪುಕ್ಕಟೆ ಕೂಡಿಸಿದೆವು. ನಮ್ಮ ಕುರಿಗಳ ಹಿಕ್ಕೆಯಲ್ಲೇ ಬೆಳೆದ ಕಬ್ಬು ಅವುಗಳ ನೀರನ್ನೇ ಕುಡಿಯಿತು.

ಮೊನ್ನೆ ಗಿರಮಲ್ಲಪ್ಪ ಕಾಕಾನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಿದ್ದೆ. ಕಬ್ಬು ಕಡಿಮೆ ಮಾಡಿ ಜೋಳ ಬಿತ್ತು, ದೋಣಿಗೆ ನೀರು ಬಿಡು ಎಂದು ಕಾಕಾ ಕೇಳಿದ.

'ಜ್ವಾಳಾ ಯಾರ ಕೇಳ್ತಾರೋ ಕಾಕಾ? ಕಬ್ಬು ಕಾರ್ಖಾನಿಗಿ ಹೋಗತೈತಿ, ಸಕ್ರಿ ಮುಂಬೈಗಿ ಹೋಗತೈತಿ,' ಎಂದ ಅಣ್ಣ.

'ಸಕ್ರಿ ಅಲ್ಲಲೇ ಗುರ್ಯಾ, ಚೀಲದಾಗ ನಿಮ್ಮಪ್ಪನ ಬಾವಿ ಹೊಂಟೈತಿ. ಮುಂಬೈದವ್ರು ಕುಡಿಯೂ ಚಹಾ ನಮ್ಮ ಕುರಿ ಬಾಯಾಗಿಂದು ಕಸಗೊಂಡಿದ್ದು,' ಎಂದ ಕಾಕಾ.

ಅಣ್ಣ ನಕ್ಕು ನಮಗೂ ಚಹಾ ತರಿಸಿದ. ನಾವು ಮುಟ್ಟದೆ ಎದ್ದು ಬಂದೆವು.

ರೈತರ ಚಳವಳಿಯಲ್ಲಿ ಊರೂರು ತಿರುಗಿ ಘೋಷಣೆ ಕೂಗಿದ ಗಂಟಲು ನನ್ನದು. ಒಡಹುಟ್ಟಿದವನ ಬಾಗಿಲಲ್ಲಿ ಏನು ಕೂಗಲಿ? ದಣಿದಿದ್ದೇನೆ ಅಕ್ಕ. ಆದರೂ ದೋಣಿ ತುಂಬದೆ ಪಂಪು ಸುರು ಮಾಡಗೊಡುವುದಿಲ್ಲ ಎಂದು ಕುರಿಯವರೆಲ್ಲ ಸೇರಿ ನಿಶ್ಚಯಿಸಿದ್ದೇವೆ.

ಮಾಮಾನಿಗೆ ನನ್ನ ಶರಣು ಹೇಳು. ನಿನ್ನ ಮಕ್ಕಳನ್ನು ಬೀರೇಶ್ವರ ತಣ್ಣಗಿಟ್ಟಿರಲಿ.

ನಿನ್ನ ತಮ್ಮ
ಕಾಮಣ್ಣ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅವ್ವ ಅಣ್ಣನ ಮನೆ ಬಿಟ್ಟು ಬಂದು ಒಣ ದೋಣಿಯ ಅಂಚಿನ ಮೇಲೆ ಕೂತುಬಿಟ್ಟಿದ್ದಾಳೆ. ಅವನ ಮನೆಯ ನೀರು ಮುಟ್ಟುತ್ತಿಲ್ಲ. 'ನಾ ಸಾಯೂ ಹೊತ್ತಿಗಿ ಗುರ್ಯಾ ಬಾಯಿಗಿ ನೀರು ಬಿಡಬಾರ್ದು. ಸತ್ಯವ್ವಗ ಹೇಳು, ಆಕಿ ಬಿಡ್ಲಿ,' ಎಂದಳು. ನಿಮ್ಮ ಗಲಗಲಿಯಿಂದ ಬರುವಾಗ ಒಂದು ತಂಬಿಗೆ ಹೊಳೆನೀರು ತಾ. ಸೋಮವಾರ ಮುಂಜಾನೆ ಎಂಟು ಗಂಟೆಗೆ ಬಾವಿಯ ಹತ್ತಿರ ಸೇರುತ್ತೇವೆ.